ರೋಬೋ ಬಂತು, ಭಯ ಬರಲಿಲ್ಲ

ನಮ್ಮ ರೂಮಲ್ಲಿ ನಾಲ್ಕು ಮಂಚ. ಮೂರರಲ್ಲಿ ಇಸಿ ಬ್ರಾಂಚಿನ ನಾವು ಮೂವರು, ನಾಲ್ಕನೇದರಲ್ಲಿ ಸಿವಿಲ್‌ನ ಗೆಳೆಯ. ಅವನ ಮಂಚದ ಕೆಳಗೆ ಒಂದು ಪಿಟೀಲು ಇರ್ತಿತ್ತು. ಈ ಲೇಖನ ಒಂದು ಹಳೇ ಇಂಗ್ಲಿಷ್ ಸಿನಿಮಾದ ಹಿನ್ನೆಲೆ ಸಂಗೀತದ ಬಗ್ಗೆ. ಆದರೂ ಆ ಪಿಟೀಲನ್ನ ಸ್ವಲ್ಪ ನೆನಪಲ್ಲಿ ಇಟ್ಕೊಳ್ಳಿ.

ಕಳೆದ ಸೆಮ್‌ನಲ್ಲಿ ಇಂಟರ್ನಲ್ಸ್ ಮುಗಿದ ರಾತ್ರಿ ‘ರನ್‌ಅವೇ’ ನೋಡಿದ್ವಿ. 1984ರ ಸಿನಿಮಾ. ನಿರ್ದೇಶಕ ಮೈಕಲ್ ಕ್ರೈಟನ್, ಅದೇ ‘ಜುರಾಸಿಕ್ ಪಾರ್ಕ್’ ಕಾದಂಬರಿ ಬರೆದವರು. ಕೆಟ್ಟು ಹುಚ್ಚಾಟ ಆಡೋ ರೋಬೋಗಳನ್ನ ಹಿಡಿಯೋ ಪೊಲೀಸ್ ಕಥೆ. ಮನೆಕೆಲಸದ ರೋಬೋ ಬಂದೂಕು ಹಿಡಿದಿದೆ, ಒಳಗೆ ಒಂದು ಮಗು ಇದೆ. ಜೇಡದ ಆಕಾರದ ಪುಟ್ಟ ರೋಬೋಗಳು ಆ್ಯಸಿಡ್ ಚುಚ್ಚುತ್ತವೆ. ಹಿಂದೆ ಬಿದ್ದು ಬರೋ ಗುಂಡುಗಳಿವೆ. ನಾಯಕ ಟಾಮ್ ಸೆಲ್ಲೆಕ್‌ಗೆ ಎತ್ತರ ಅಂದ್ರೆ ಭಯ, ಕ್ಲೈಮ್ಯಾಕ್ಸ್ ಮಾತ್ರ ಅರ್ಧ ಕಟ್ಟಿದ ಬಹುಮಹಡಿ ಕಟ್ಟಡದ ಮೇಲೆ. ಇಷ್ಟೆಲ್ಲ ಇದ್ದೂ ನಮ್ಮಲ್ಲಿ ಒಬ್ಬರೂ ಚಿಪ್ಸ್ ತಿನ್ನೋದು ನಿಲ್ಲಿಸಲಿಲ್ಲ.

ಯಾಕೆ ಅಂತ ಆಮೇಲೆ ಚರ್ಚೆ ಶುರುವಾಯ್ತು. ತಪ್ಪು ಹಿನ್ನೆಲೆ ಸಂಗೀತದ್ದು ಅಂತ ನಾವು ಮೂವರೂ ತೀರ್ಪು ಕೊಟ್ವಿ. ಬೇಜಾರಾಗಿದ್ದು ಏನಂದ್ರೆ, ಸಂಗೀತ ಜೆರ್ರಿ ಗೋಲ್ಡ್‌ಸ್ಮಿತ್ ಅವರದ್ದು. 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ಗೆ ಅಡುಗೆಮನೆಯ ಸ್ಟೀಲ್ ಬೋಗುಣಿಗಳನ್ನ ಬಾರಿಸಿ ತಾಳ ಮಾಡಿದವರು, ‘ಏಲಿಯನ್’ಗೆ ಸಂಗೀತ ಕೊಟ್ಟವರು. ಅಂಥವರು ಮೊದಲ ಸಲ ಪೂರ್ತಿ ಎಲೆಕ್ಟ್ರಾನಿಕ್ ವಾದ್ಯಗಳಲ್ಲೇ ಸಂಗೀತ ಕೊಟ್ಟ ಸಿನಿಮಾ ಇದು. ಯಂತ್ರಗಳ ಕಥೆಗೆ ಯಂತ್ರದ ಸಂಗೀತ. ಪೇಪರ್ ಮೇಲೆ ಐಡಿಯಾ ಸೂಪರ್.

ಆದರೆ ಕೇಳಿದಾಗ ರೋಬೋ ಓಡಾಡೋ ದೃಶ್ಯಕ್ಕೂ, ಮನುಷ್ಯ ಎತ್ತರದಲ್ಲಿ ನಿಂತು ನಡುಗೋ ದೃಶ್ಯಕ್ಕೂ ಒಂದೇ ಪ್ಲಾಸ್ಟಿಕ್ ದನಿ. ಯಂತ್ರ ಯಾವುದು, ಹೆದರಿದವನು ಯಾರು ಅಂತ ಕಿವಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಕಿವಿಗೇ ಗೊತ್ತಾಗದಿದ್ದ ಮೇಲೆ ಎದೆಗೆ ಹೇಗೆ ಗೊತ್ತಾಗಬೇಕು?

ಇದೇ ಗೋಲ್ಡ್‌ಸ್ಮಿತ್ 1976ರ ‘ಲೋಗನ್ಸ್ ರನ್’ನಲ್ಲಿ ಎಲೆಕ್ಟ್ರಾನಿಕ್ಸ್‌ನ ಎಷ್ಟು ಚೆನ್ನಾಗಿ ಬಳಸಿದ್ದಾರೆ ನೋಡಿ. ಅಲ್ಲಿ ಜನ ಗುಮ್ಮಟದೊಳಗಿನ ನಗರದಲ್ಲಿ, ಕಂಪ್ಯೂಟರ್ ಹೇಳಿದ ಹಾಗೆ ಬದುಕ್ತಾರೆ. ಒಳಗಿರುವಾಗ ಸಿಂಥಸೈಜರ್‌ನ ತಣ್ಣನೆಯ ದನಿ ಜಾಸ್ತಿ. ತಪ್ಪಿಸಿಕೊಂಡು ಹೊರಗೆ ಬಂದು ಸೂರ್ಯನನ್ನ ನೋಡಿದಾಗ ಇಡೀ ಆರ್ಕೆಸ್ಟ್ರಾ ತೆರೆದುಕೊಳ್ಳತ್ತೆ. ಇವರು ಇಷ್ಟು ದಿನ ಎಂಥಾ ಡಬ್ಬಿಯೊಳಗಿದ್ರು ಅಂತ ನಮಗೆ ಗೊತ್ತಾಗೋದೇ ಆಗ. 1978ರಲ್ಲಿ ಕ್ರೈಟನ್ ಅವರದೇ ‘ಕೋಮಾ’ಗೆ ಗೋಲ್ಡ್‌ಸ್ಮಿತ್ ಇನ್ನೊಂದು ದಾರಿ ಹಿಡಿದರು: ಸಿನಿಮಾ ಸುಮಾರು ಅರ್ಧ ಆಗೋವರೆಗೂ ಹಿನ್ನೆಲೆ ಸಂಗೀತವೇ ಇಲ್ಲ. ಆಸ್ಪತ್ರೆಯ ಕಾರಿಡಾರ್, ಕಾಲಿನ ಸದ್ದು, ಅಷ್ಟೇ. ಮುಂದೆ ಸಂಗೀತ ಬಂದಾಗ ಬೆನ್ನು ನೆಟ್ಟಗಾಗತ್ತೆ.

1984ರಲ್ಲಿ ಏನಾಯ್ತು? ನಮ್ಮ ಊಹೆ ಇದು. 1983ರಲ್ಲಿ ಯಮಹಾ ಕಂಪನಿಯ ಡಿಎಕ್ಸ್ 7 ಮಾರುಕಟ್ಟೆಗೆ ಬಂತು. ಬೇರೆ ಬೇರೆ ಕಂಪನಿಯ ಕೀಬೋರ್ಡುಗಳು ಒಂದಕ್ಕೊಂದು ಮಾತಾಡೋ ಹಾಗೆ ಮಾಡಿದ ಮಿಡಿ ಕೂಡ ಅದೇ ವರ್ಷದ್ದು. ಹೊಸ ಆಟಿಕೆ ಕೈಗೆ ಬಂದಾಗ ‘ಇದರಲ್ಲಿ ಏನೇನು ಮಾಡಬಹುದು’ ಅನ್ನೋ ಪ್ರಶ್ನೆ ಮೊದಲು ಬರತ್ತೆ. ‘ಇಲ್ಲಿ ಇದು ಬೇಕಾ’ ಅನ್ನೋದು ಆಮೇಲೆ. ಹೊಸದಾಗಿ ಆರ್ಡುಯಿನೋ ಕೊಂಡ ಯಾರನ್ನಾದರೂ ಕೇಳಿ.

ಹಾಗಂತ ತಪ್ಪು ಯಂತ್ರದ್ದೂ ಅಲ್ಲ. ‘ಕೋಮಾ’ ಬಂದ ವರ್ಷವೇ ಜಾನ್ ಕಾರ್ಪೆಂಟರ್ ಕಡಿಮೆ ಖರ್ಚಿನಲ್ಲಿ ‘ಹ್ಯಾಲೋವೀನ್’ ಮಾಡಿದರು, ಪಿಯಾನೋ ಮತ್ತು ಸಿಂಥಸೈಜರ್ ಇಟ್ಕೊಂಡು ಸಂಗೀತವನ್ನೂ ತಾವೇ ಮಾಡಿದರು. ಅದೇ ನಾಲ್ಕಾರು ಸ್ವರ ಮತ್ತೆ ಮತ್ತೆ. ಆದರೆ ಲೆಕ್ಕ ಐದರದ್ದು. ನಾವು ಮೆಸ್ಸಿನ ಟೇಬಲ್ ಮೇಲೆ ನಾಲ್ಕರ ತಾಳ ಹಾಕ್ತಾ ಹೋದರೆ ಪ್ರತಿ ಸಲ ಮುಗ್ಗರಿಸ್ತಿದ್ವಿ. ಸಿವಿಲ್ ಗೆಳೆಯ ಅನ್ನ ಕಲಸ್ತಾ, “ಐದು ಕಣ್ರೋ, ಖಂಡ ಚಾಪುನಲ್ಲಿ ಎಣಿಸೋ ಹಾಗೆ ಎಣಿಸಿ” ಅಂದ. ಕಾಲು ಎಲ್ಲಿ ಇಡಬೇಕು ಅಂತ ಗೊತ್ತಾಗದ ಸ್ಥಿತಿಯೇ ಸಸ್ಪೆನ್ಸ್. ಸೀನಿಯರ್‌ಗಳ ಇನ್ಫರ್ಮೇಷನ್ ಥಿಯರಿ ನೋಟ್ಸಲ್ಲಿ ಶಾನನ್ 1948ರಲ್ಲಿ ಹೇಳಿದ್ದೂ ಇದೇ: ಖಂಡಿತ ಆಗೇ ಆಗೋ ಘಟನೆಯಲ್ಲಿ ಮಾಹಿತಿ ಸೊನ್ನೆ.

ಇಷ್ಟೆಲ್ಲ ಬುದ್ಧಿವಂತಿಕೆ ಮಾತಾಡಿದ ನಾವು ಈ ಸೆಮ್ ಏನು ಮಾಡಿದ್ವಿ ಗೊತ್ತಾ?

ರಾಜ್ಯೋತ್ಸವಕ್ಕೆ ನಮ್ಮ ಕ್ಲಬ್ ಹನ್ನೊಂದು ನಿಮಿಷದ ಸಸ್ಪೆನ್ಸ್ ಕಿರುಚಿತ್ರ ಮಾಡ್ತು. ನಿಮ್ಮಲ್ಲಿ ತುಂಬಾ ಜನ ನೋಡಿದ್ದೀರಿ. ಹಿನ್ನೆಲೆ ಸಂಗೀತ ನಮ್ಮ ಮೂವರ ಪಾಲಿಗೆ ಬಂತು. ಲ್ಯಾಪ್‌ಟಾಪಿಗೆ ಒಂದು ಫ್ರೀ ಸಾಫ್ಟ್‌ವೇರ್ ಹಾಕ್ಕೊಂಡು, ಮೊದಲ ಶಾಟ್‌ನಿಂದ ಕೊನೆಯ ಶಾಟ್‌ವರೆಗೆ ಗುಂಯ್ ಅನ್ನೋ ಡ್ರೋನ್, ಕೆಳಗೆ ಹೃದಯ ಬಡಿತದ ಲೂಪ್, ಬಾಗಿಲು ತೆರೆದಾಗೆಲ್ಲ ಒಂದು ‘ಢಮ್’. ಒಂದು ಸ್ವರವೂ ಆಚೀಚೆ ಆಗದ ಹಾಗೆ ಗ್ರಿಡ್ಡಿಗೆ ಕೂರಿಸಿದ್ವಿ. ‘ಕೋಮಾ’ದ ಮೌನ ಒಬ್ಬರಿಗೂ ನೆನಪಾಗಲಿಲ್ಲ.

ಆಗ ಗೆಳೆಯ ಒಂದೇ ಸಲ ಕೇಳಿದ್ದ, “ಮೆಟ್ಟಿಲ ಸೀನಿಗೆ ನಾನೇನಾದ್ರೂ ನುಡಿಸ್ಲಾ?” ಅಂತ. ನಾವು ತಲೆ ಎತ್ತದೆ ಹೇಳಿದ್ವಿ, “ವಯಲಿನ್ ಸ್ಯಾಂಪಲ್ ಇದೆ, ಬಿಡೋ.”

ಇವನೇ ಫಸ್ಟ್ ಸೆಮ್‌ನಲ್ಲಿ ಒಂದು ರಾತ್ರಿ ಕರೆಂಟ್ ಹೋದಾಗ ‘ಸೈಕೋ’ದ ಸ್ನಾನದ ಮನೆಯ ಕಿರುಚಾಟವನ್ನ ಪಿಟೀಲಲ್ಲಿ ಎಳೆದಿದ್ದ. 1960ರ ಆ ಸಿನಿಮಾಗೆ ಬರ್ನಾರ್ಡ್ ಹರ್ಮನ್ ಬರೀ ತಂತಿವಾದ್ಯಗಳಲ್ಲೇ ಸಂಗೀತ ಕೊಟ್ಟಿದ್ದರು. ಇಡೀ ಕಾರಿಡಾರ್ ಬಾಗಿಲು ತೆರೀತು. ಪಕ್ಕದ ರೂಮಿನವನು ಚಪ್ಪಲಿ ಹಿಡ್ಕೊಂಡು ಬಂದ. ನಮಗೆ ಗೊತ್ತಿತ್ತು, ಮರೆತಿದ್ವಿ.

ಸೆಮಿನಾರ್ ಹಾಲ್‌ನಲ್ಲಿ ಮೂರನೇ ‘ಢಮ್’ಗೆ ಯಾರೋ ಕಿಸಕ್ ಅಂದ್ರು. ಐದನೇದಕ್ಕೆ ಹಿಂದಿನ ಸಾಲು ನಮಗಿಂತ ಮುಂಚೆ, ನಮ್ಮ ಜೊತೆ ಸೇರಿ “ಢಮ್” ಅಂತು. ಶಾನನ್ ಲೆಕ್ಕದಲ್ಲಿ ಸೊನ್ನೆ. ನಟಿಸಿದವರ ಮುಖ ನೋಡೋಕಾಗಲಿಲ್ಲ, ಅವರು ಮೂರು ರಾತ್ರಿ ನಿದ್ದೆಗೆಟ್ಟಿದ್ರು. ನಮ್ಮ ರೂಮಿನ ನಾಲ್ಕನೆಯವನು ಮಾತ್ರ ನಗಲಿಲ್ಲ. ಅವನು ನಕ್ಕಿದ್ದರೆ ಚೆನ್ನಾಗಿರ್ತಿತ್ತು.

ಅದರ ಮುಂದಿನ ವಾರ ಅವನು ಊರಿಗೆ ಹೋದ. ಹೋಗುವಾಗ ಪಿಟೀಲು ತಗೊಂಡು ಹೋದ, ಬರುವಾಗ ತರಲಿಲ್ಲ. “ಇಲ್ಲಿ ಸುಮ್ನೆ ಧೂಳು ಹಿಡಿಯತ್ತೆ” ಅಂದ. ಜಗಳ ಇಲ್ಲ, ಕೋಪ ಇಲ್ಲ. ಈಗಲೂ ನಮ್ಮ ಜೊತೆಗೇ ಊಟಕ್ಕೆ ಬರ್ತಾನೆ. ಮಂಚದ ಕೆಳಗೆ ಈಗ ನಮ್ಮ ಹಳೆ ಬ್ರೆಡ್‌ಬೋರ್ಡುಗಳಿವೆ.

ಗೋಲ್ಡ್‌ಸ್ಮಿತ್ ಅವರ ಬಗ್ಗೆ ನಾವು ಅಂದ ಮಾತನ್ನ ಪೂರ್ತಿ ವಾಪಸ್ ತಗೊಳ್ಳಲ್ಲ. ‘ರನ್‌ಅವೇ’ ಇವತ್ತು ಕೇಳಿದರೂ ಸಪ್ಪೆಯೇ. ಆದರೆ ಅವರು ಹೊಸದನ್ನ ಕಲಿಯೋಕೆ ಹೋಗಿ ಒಂದು ಸಿನಿಮಾದಲ್ಲಿ ಎಡವಿದರು, ನಾವು ಕಲಿಯೋ ಶ್ರಮ ಉಳಿಸೋಕೆ ಹೋಗಿ ಎಡವಿದ್ವಿ. ಎರಡೂ ಒಂದೇ ಅಲ್ಲ.

ಇಂಗ್ಲಿಷ್ ಮೀಡಿಯಂನ ನಾವು ಬರೆಯೋ ಕನ್ನಡದ ಒತ್ತಕ್ಷರ ತಿದ್ದೋದು ಅವನೇ. ಹಾಗಾಗಿ ಇದನ್ನ ನಿಮಗಿಂತ ಮೊದಲು ಓದೋನೂ ಅವನೇ. ಮುಂದಿನ ಸೆಮ್ ಇನ್ನೊಂದು ಕಿರುಚಿತ್ರ ಇದೆ. ಮೆಟ್ಟಿಲ ಸೀನ್ ಇದೆ. ಅದಕ್ಕೆ ನಾವು ಏನೂ ಹಾಕಿಲ್ಲ, ಖಾಲಿ ಬಿಟ್ಟಿದ್ದೀವಿ.

ತಪ್ಪು ತಿದ್ದಿ ಆದ್ಮೇಲೆ, ಸಂಕ್ರಾಂತಿ ರಜೆ ಮುಗಿಸಿ ಬರುವಾಗ ಅದನ್ನ ತಗೊಂಡ್ ಬಾರೋ.