ತಿಳಿನೀರಿನ ಲೆಕ್ಕ

ಮಕ್ಕಳ ಹಟಕ್ಕೆ ಮಣಿದು ಮನೆಗೆ ತಂದ ಪ್ರಾಣಿಗಳಲ್ಲಿ ಆಮೆಯಷ್ಟು ಸಾಧು ಇನ್ನೊಂದಿಲ್ಲ. ಬೊಗಳುವುದಿಲ್ಲ, ಪರಚುವುದಿಲ್ಲ, ಹಾಸಿಗೆಯ ಮೇಲೆ ಕೂದಲು ಉದುರಿಸುವುದಿಲ್ಲ. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ ಅಮೆರಿಕ ಮೂಲದ ಈ ಆಮೆ, ಅಂಗಡಿಯಲ್ಲಿ ಕೊಳ್ಳುವಾಗ ಅಂಗೈಯಲ್ಲಿ ಹಿಡಿಸುವಷ್ಟೇ ಇರುತ್ತದೆ. ತಕರಾರು ಶುರುವಾಗುವುದು ನೀರಿನಿಂದ.

ಬೆಂಗಳೂರಿನ ಒಂದು ಮನೆಯಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಇಂಥ ಆಮೆಯನ್ನು ಸಾಕಿದ್ದಳು. ಪ್ರತಿ ಭಾನುವಾರ ತಾಯಿ ಗಾಜಿನ ತೊಟ್ಟಿಯ ನೀರನ್ನೆಲ್ಲ ಚೆಲ್ಲಿ, ಕಲ್ಲು, ಫಿಲ್ಟರಿನ ಸ್ಪಂಜು ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಹೊಸ ನೀರು ತುಂಬುತ್ತಿದ್ದರು. ಮಂಗಳವಾರದ ಹೊತ್ತಿಗೆ ನೀರು ಅಕ್ಕಿ ತೊಳೆದ ಕಲಗಚ್ಚಿನಂತೆ! ಗುರುವಾರಕ್ಕೆ ನಡುಮನೆಯೆಲ್ಲ ವಾಸನೆ. "ಕೆರೆಗೆ ಬಿಟ್ಟು ಬರೋಣ, ಅದಕ್ಕೂ ಸುಖ, ನಮಗೂ ಸುಖ" ಎಂದರು ತಂದೆ. ಹುಡುಗಿ ಊಟ ಬಿಟ್ಟಳು.

ತೀರ್ಥಹಳ್ಳಿ ಕಡೆಯ ಅಜ್ಜಿಗೆ ಇದೇ ಸೋಜಿಗ. "ನಮ್ಮೂರ ಬಾವೀಲಿ ಆಮೆ ಬಿಟ್ಟಿದ್ರು ಪುಟ್ಟಿ, ನೀರು ಕನ್ನಡಿ ಹಾಗಿರ್ತಿತ್ತು. ನಿನ್ನ ಆಮೆಗೇನು ಬಂತು?"

ಪ್ರಶ್ನೆ ಒಳ್ಳೆಯದೇ. ಉತ್ತರಕ್ಕೆ ಹುಡುಗಿ ಗಣಿತದ ಪುಸ್ತಕ ತೆಗೆದಳು. ಎರಡು ಮೀಟರ್ ವ್ಯಾಸದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ ಅದು ಸುಮಾರು 9,400 ಲೀಟರ್. ಅವಳ ತೊಟ್ಟಿ 60 ಸೆಂಟಿಮೀಟರ್ ಉದ್ದ, 30 ಅಗಲ. 20 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಬರೀ 36 ಲೀಟರ್. ಬಾವಿಯ ಆಮೆಗೆ ಇನ್ನೂರೈವತ್ತು ಪಟ್ಟಿಗಿಂತ ಹೆಚ್ಚು ನೀರು, ಜೊತೆಗೆ ಒಸರುವ ಸೆಲೆ. ಆಮೆಯಲ್ಲಿ ದೋಷವಿಲ್ಲ, ಪಾತ್ರೆ ಚಿಕ್ಕದು.

ಎರಡನೆಯ ಕಾರಣ ಕಣ್ಣಿಗೆ ಕಾಣದು. ಆಮೆಯ ಮಲಮೂತ್ರ ಮತ್ತು ತಿಂದುಳಿದ ಆಹಾರ ಕೊಳೆತು ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆಯದು ಅದನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್‌ಗೆ ಬದಲಿಸುತ್ತದೆ. ಹೊಲದ ಮಣ್ಣಿನಲ್ಲಿ ನಡೆಯುವುದೂ ಇದೇ ಕೆಲಸ. ಈ ಬ್ಯಾಕ್ಟೀರಿಯಾಗಳ ವಾಸ ಕಲ್ಲಿನ ಮೇಲೆ, ಸ್ಪಂಜಿನ ಒಳಗೆ. ನೆಲೆಯೂರಲು ಅವಕ್ಕೆ ಹಲವು ವಾರ ಬೇಕು. ತಾಯಿ ಭಾನುವಾರ ಶ್ರದ್ಧೆಯಿಂದ ಉಜ್ಜಿ, ಕ್ಲೋರಿನ್ ಬೆರೆತ ನೀರಿನಲ್ಲಿ ತೊಳೆಯುತ್ತಿದ್ದುದು ಈ ಉಪಕಾರಿ ಜೀವಿಗಳನ್ನೇ! ತೊಟ್ಟಿ ವಾರವಾರವೂ ಮೊದಲಿನಿಂದ ಆರಂಭಿಸಬೇಕಾಗುತ್ತಿತ್ತು.

ಹುಡುಗಿ ಎರಡು ತಿಂಗಳ ವಾಯಿದೆ ಕೇಳಿದಳು. ಆಮೆಗೆ ಊಟ ಬೇರೆ ಬೋಗುಣಿಯಲ್ಲಿ. ಅರ್ಧ ಗಂಟೆ ಬಿಟ್ಟು ಮತ್ತೆ ತೊಟ್ಟಿಗೆ. ಅರ್ಧ ಕೊಳೆ ಅಲ್ಲಿಗೇ ತಪ್ಪಿತು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ತೆಗೆದು, ಹಿಂದಿನ ದಿನವೇ ಬಕೀಟಿನಲ್ಲಿ ತೆರೆದಿಟ್ಟು ಕ್ಲೋರಿನ್ ಹೋಗಲಾಡಿಸಿದ ನೀರನ್ನು ತುಂಬಿದಳು. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಮೆಲ್ಲಗೆ ಹಿಂಡಿದಳು. ಕಿಟಕಿಯ ಬಿಸಿಲಿಗೆ ಪಾಚಿ ಬೆಳೆಯುತ್ತಿದ್ದ ತೊಟ್ಟಿಯನ್ನು ಸರಿಸಿ, ಆಮೆಯನ್ನು ದಿನಾ ಸ್ವಲ್ಪ ಹೊತ್ತು, ನೆರಳೂ ಇರುವ ಕಡೆ ಎಳೆಬಿಸಿಲಿಗೆ ಬಿಟ್ಟಳು. ಮೊದಲ ಮೂರು ವಾರ ನೀರು ಮಬ್ಬಾಗಿಯೇ ಇತ್ತು. ತಂದೆ ಕೆರೆಯ ಮಾತನ್ನು ಮತ್ತೆರಡು ಸಲ ಎತ್ತಿದರು. ಆರನೆಯ ವಾರ ತೊಟ್ಟಿಯ ಆಚೆಯ ಗೋಡೆ ಕಂಡಿತು. ತೆಗೆದ ನೀರು ಅಜ್ಜಿಯ ದಾಸವಾಳದ ಗಿಡಕ್ಕೆ. ನೈಟ್ರೇಟ್ ಅದಕ್ಕೆ ಗೊಬ್ಬರ.

ಇಷ್ಟಾದರೂ ತಿಳಿನೀರೆಲ್ಲ ಶುದ್ಧವಲ್ಲ. ಕರಗಿದ ಅಮೋನಿಯಾ ಉಪ್ಪಿನಂತೆ ಕಣ್ಣಿಗೆ ಕಾಣುವುದಿಲ್ಲ. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರಬಹುದು. ಈ ಕಾರಣಕ್ಕೇ ಅಮೆರಿಕ 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಬೇಕು. ತೊಟ್ಟಿಯ ನೀರನ್ನು ಅಡುಗೆಮನೆಗೆ ತರಬಾರದು.

ಇನ್ನು ಕೆರೆಯ ಮಾತು. ಈ ಪರದೇಶಿ ಆಮೆ ಬೆಳೆದು ಕೆರೆ ಸೇರಿದರೆ, ನಮ್ಮ ಆಮೆಗಳ ಆಹಾರಕ್ಕೂ ಬಿಸಿಲು ಕಾಯುವ ಜಾಗಕ್ಕೂ ಪೈಪೋಟಿ. ಯುರೋಪಿನ ಒಕ್ಕೂಟ 1997ರಲ್ಲೇ ಇದರ ಆಮದನ್ನು ನಿಲ್ಲಿಸಿತು. ಹಾಗೆಂದು ನಮ್ಮ ಕೆರೆಯ ಆಮೆಯನ್ನು ಹಿಡಿದು ತಂದು ಸಾಕುವಂತೆಯೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ.

ಆದ್ದರಿಂದ ತಂದೆತಾಯಿಯರು ಅಂಗಡಿಯ ಮೆಟ್ಟಿಲು ಹತ್ತುವ ಮೊದಲೇ ಲೆಕ್ಕ ಹಾಕುವುದು ಒಳ್ಳೆಯದು. ಅಂಗೈಯಗಲದ ಆಮೆ ಹೆಚ್ಚುಕಡಿಮೆ ಒಂದು ಅಡಿ ಉದ್ದಕ್ಕೆ ಬೆಳೆಯಬಲ್ಲದು. ಇಪ್ಪತ್ತು ಮೂವತ್ತು ವರ್ಷ ಬದುಕಬಲ್ಲದು. ಇಂದು ಹಟ ಹಿಡಿದ ಮಗಳು ನಾಲ್ಕೈದು ವರ್ಷದಲ್ಲಿ ಕಾಲೇಜಿನ ಹಾಸ್ಟೆಲಿಗೆ ಹೊರಟು ನಿಂತಾಗ, ಭಾನುವಾರದ ಬಕೀಟು ಹಿಡಿಯುವವರು ಯಾರು?