ಕ್ಯಾಸೆಟ್ಟಿನ ಹಲ್ಲು

ಮೊಬೈಲಿನಲ್ಲಿ ಮುದ್ರಿಸಿಕೊಂಡಿದ್ದ ಯಕ್ಷಗಾನ ಆಟದ ಪದ್ಯವೊಂದನ್ನು ಹುಡುಕಿ ಹೊರಟವನಿಗೆ ಅಡ್ಡ ನಿಂತದ್ದು ಒಂದು ಸಾಲು: ನಿಮ್ಮ ಗೌಪ್ಯತೆಯ ಸಲುವಾಗಿ ಈ ಫೋಲ್ಡರ್ ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಿ. ಫೋನು ನನ್ನದು, ಪದ್ಯ ಮುದ್ರಿಸಿದವನೂ ನಾನು. ನನಗೆ ಹಾಲಾಡಿಯ ಮಾವ ನೆನಪಾದರು.

ಮಾವನ ಕಾಲದ ಬೀಗ ಕ್ಯಾಸೆಟ್ಟಿನ ಮೇಲಂಚಿನಲ್ಲಿತ್ತು. ಫಿಲಿಪ್ಸ್‌ನವರು 1963ರಲ್ಲಿ ಹೊರತಂದ ಆ ಪುಟ್ಟ ಡಬ್ಬಿಗೆ ಬದಿಗೊಂದರಂತೆ ಎರಡು ಪ್ಲಾಸ್ಟಿಕ್ ಹಲ್ಲು. ಟೇಪ್ ರೆಕಾರ್ಡರಿನ ಒಳಗಿನ ಕಡ್ಡಿ ತಡಕಿದಾಗ ಹಲ್ಲು ಸಿಗದಿದ್ದರೆ ಮುದ್ರಿಸುವ ಕೆಂಪು ಗುಂಡಿ ಒತ್ತಿದರೂ ಇಳಿಯದು. ಅಂಗಡಿಯ ಹಾಡಿನ ಕ್ಯಾಸೆಟ್ಟುಗಳು ಹಲ್ಲುದುರಿಸಿಕೊಂಡೇ ಬರುತ್ತಿದ್ದವು. ಆದರೆ ತೂತಿಗೆ ಒಂದು ಚೂರು ಕಾಗದ ತುರುಕಿದಿರೋ, ಬೀಗ ತೆರೆಯಿತು. ಇಷ್ಟು ಮರ್ಯಾದಸ್ಥ ಬೀಗವನ್ನು ನಾನು ಮತ್ತೆ ಕಂಡಿಲ್ಲ. ಮೈಮರೆತವನನ್ನು ತಡೆಯುತ್ತಿತ್ತು, ಮನಸ್ಸು ಮಾಡಿದವನಿಗೆ ದಾರಿ ಬಿಡುತ್ತಿತ್ತು.

ಮಂದಾರ್ತಿ ಮೇಳದ ಹರಕೆ ಆಟವೆಂದರೆ ಮಾವ ಟೇಪ್ ರೆಕಾರ್ಡರನ್ನು ಹಸುಗೂಸಿನಂತೆ ಶಾಲಿನಲ್ಲಿ ಸುತ್ತಿಕೊಂಡು ಹೊರಡುತ್ತಿದ್ದರು. ತೊಂಬತ್ತು ನಿಮಿಷದ ಕ್ಯಾಸೆಟ್ಟು, ಬದಿಗೆ ನಲವತ್ತೈದು. ಪದ್ಯ ಏರುತ್ತಿರುವಾಗಲೇ ಟಕ್ ಎಂದು ನಿಲ್ಲುತ್ತಿತ್ತು. ಮಗುಚಿ ಹಾಕುವಷ್ಟರಲ್ಲಿ ಅರ್ಧ ಪದ್ಯ ಗದ್ದೆಯ ಪಾಲು. ಭಾಗವತ ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲಂತೂ ನಮ್ಮ ಕಡೆ ಕ್ಯಾಸೆಟ್ಟಿಗೆ ಬೇರೆಯೇ ಬೆಲೆ ಬಂತು. ಒಂದು ಬೆಳಗಿನ ಜಾವ ಖಾಲಿ ಕ್ಯಾಸೆಟ್ಟು ಮುಗಿದು, ಚೀಲದಲ್ಲಿದ್ದ ಅತ್ತೆಯ ಭಜನೆ ಕ್ಯಾಸೆಟ್ಟಿನ ತೂತಿಗೆ ಬೀಡಿ ಕಟ್ಟಿನ ಕಾಗದ ಸೇರಿತು. ‘ಗದಾಯುದ್ಧ’ವೇನೋ ಪೂರ್ತಿಯಾಯಿತು. ಸಂಜೆ ದೀಪ ಹಚ್ಚಿ ಅತ್ತೆ ಗುಂಡಿ ಒತ್ತಿದರೆ ದೇವರ ನಾಮದ ಜಾಗದಲ್ಲಿ ಭೀಮನ ಅಬ್ಬರ!

ಹಲ್ಲಿನ ವಂಶ ಎಸ್‌ಡಿ ಕಾರ್ಡಿನವರೆಗೂ ಬಂತು. ಅದರ ಪಕ್ಕದಲ್ಲಿ ಉಗುರಿನಿಂದ ಸರಿಸುವ ಬೀಗವಿದೆ. ಫೋನಿಗೆ ಹಾಕುವ ಮೈಕ್ರೋ ಎಸ್‌ಡಿಗೆ ಅದೂ ಇಲ್ಲ. ಕುಂದಾಪುರದ ಮೊಬೈಲ್ ಅಂಗಡಿಯಲ್ಲಿ ಆಟ ತುಂಬಿಸಿಕೊಂಡು ಬರುತ್ತಿದ್ದ ಆ ಚಿಪ್ಪಿಗೆ ಬೀಗ ಬಿದ್ದದ್ದು ದೂರದಿಂದ. 2013ರ ಕಿಟ್‌ಕ್ಯಾಟ್ ಆಂಡ್ರಾಯ್ಡ್, ಆ್ಯಪ್‌ಗಳು ಕಾರ್ಡಿನಲ್ಲಿ ಮನಬಂದಲ್ಲಿ ಬರೆಯುವುದನ್ನು ನಿಲ್ಲಿಸಿತು. 2019ರ ಆಂಡ್ರಾಯ್ಡ್ 10 ಒಂದೊಂದು ಆ್ಯಪ್‌ಗೂ ಅದರದೇ ಕೋಣೆ ಕೊಟ್ಟಿತು. ಮರುವರ್ಷದ 11ರಲ್ಲಿ ‘ಡೇಟಾ’ ಫೋಲ್ಡರಿನ ಬಾಗಿಲು ಫೈಲ್ ಮ್ಯಾನೇಜರಿಗೂ ಮುಚ್ಚಿತು. ಈಗ ಆ್ಯಪ್‌ಗೆ ಕೋಣೆಯಾಚೆಯ ಕಡತ ಬೇಕಾದರೆ ಸಾಮಾನ್ಯವಾಗಿ ವ್ಯವಸ್ಥೆಯನ್ನು ಕೇಳಬೇಕು. ನಾವು ಬೆರಳಿಟ್ಟು ತೋರಿಸಿದ್ದನ್ನಷ್ಟೇ ಅದು ತೆಗೆದುಕೊಡುತ್ತದೆ. ಕಾರಣ ಇಲ್ಲದಿಲ್ಲ. ಮೊದಲೆಲ್ಲ ಒಮ್ಮೆ ಹ್ಞೂಂ ಅಂದರೆ ಟಾರ್ಚ್ ಹಚ್ಚುವ ಆ್ಯಪ್ ಕೂಡ ಮನೆಮಂದಿಯ ಫೋಟೊಗಳನ್ನೆಲ್ಲ ಜಾಲಾಡಬಹುದಿತ್ತು. ಆ್ಯಪ್‌ಗೆ ಬೀಗ ಹಾಕಲಿ, ಬೇಡವೆಂದವರಾರು? ಯಜಮಾನನಿಗೆ ಕಾಗದ ತುರುಕಲು ಒಂದು ತೂತಾದರೂ ಬಿಡಬೇಡವೇ ಎಂಬುದಷ್ಟೇ ನನ್ನ ತಕರಾರು.

ಅತ್ತೆ ಒಪ್ಪುತ್ತಿರಲಿಲ್ಲ. ಗದಾಯುದ್ಧವಾದ ಮಾರನೆಯ ದಿನವೇ ಭಜನೆ ಕ್ಯಾಸೆಟ್ಟುಗಳೆಲ್ಲ ಕಬ್ಬಿಣದ ಕಪಾಟು ಸೇರಿದ್ದವು, ಕೀಲಿ ಸೊಂಟಕ್ಕೆ. ಆಟವಿದ್ದ ದಿನ ಮಾವ ಕಪಾಟಿನ ಹತ್ತಿರ ಸುಳಿದರೆ ಸಾಕು, ಅಡುಗೆಮನೆಯಿಂದಲೇ ಕೇಳುತ್ತಿತ್ತು: “ಎಂತ ಬೇಕ್ ಹೇಳಿ, ನಾನೇ ತೆಗ್ದ್ ಕೊಡ್ತೆ.”