ಬೆಕ್ಕ ಅದ, ಬಿಡು

ದಿನಾ ರಾತ್ರಿ ಒಂಬತ್ತೂವರೆಗೆ ಅಪ್ಪನಿಗೆ ಫೋನ್ ಮಾಡ್ತೀನಿ. ಊಟ ಆಯ್ತಾ, ಬಿಸಿಲು ಹೆಂಗದ, ಕರೆಂಟ್ ಅದ ಏನು. ನಾಲ್ಕು ನಿಮಿಷಕ್ಕೆ ಮಾತು ಮುಗಿಯುತ್ತೆ. ಅವ್ವ ಹೋದ ಮೇಲೆ ರಾವೂರಿನ ಮನೆಯಲ್ಲಿ ಅಪ್ಪ ಮತ್ತು ಒಂದು ಬೆಕ್ಕು, ಇಬ್ಬರೇ. ಒಂದು ಚಳಿಗಾಲದಲ್ಲಿ ಆ ನಾಲ್ಕು ನಿಮಿಷದ ಮಾತಿನ ಹಿಂದೆ ಒಂದು ಸದ್ದು ಸೇರಿಕೊಂಡಿತು. ಗುರ್... ಗುರ್...

“ಅಪ್ಪಾ, ಅದೇನು ಸಪ್ಪಳ?”

“ಬೆಕ್ಕ ಅದವ್ವ. ಎದಿ ಮ್ಯಾಲ ಮಕ್ಕೊಂಡದ.”

ನನಗೆ ಖುಷಿಯಾಯಿತು. ಬೆಂಗಳೂರಿನಲ್ಲಿ ನಿದ್ದೆ ಬಾರದ ನಮ್ಮಂಥವರು ಹೆಡ್‌ಫೋನ್ ಹಾಕಿಕೊಂಡು ಯೂಟ್ಯೂಬಿನಲ್ಲಿ ಬೆಕ್ಕಿನ ಗುರುಗುಟ್ಟುವಿಕೆ ಕೇಳ್ತೀವಿ. ಅಪ್ಪನಿಗೆ ಅದು ಪುಕ್ಕಟೆ ಸಿಕ್ಕಿದೆಯಲ್ಲ ಅನ್ನಿಸಿತು. ಅಪ್ಪ ಒಂಟಿಯಲ್ಲ ಅಂತ ನನಗೆ ನಾನೇ ಹೇಳಿಕೊಳ್ಳೋಕೆ ಒಂದು ಸದ್ದು ಸಿಕ್ಕಿತ್ತು.

ಮೇ ತಿಂಗಳಲ್ಲಿ ಊರಿಗೆ ಹೋದೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನಿಂದ ವಾಡಿಯಲ್ಲಿ ಇಳಿದಾಗ ಬೆಳಿಗ್ಗೆಯೇ ಸೆಕೆ. ಮಧ್ಯಾಹ್ನದ ಹೊತ್ತಿಗೆ ಬೆಕ್ಕು ನೀರಿನ ಹರವಿಯ ಪಕ್ಕ ತಂಪು ಫರ್ಸಿಯ ಮೇಲೆ ಕಾಲು ಚಾಚಿ ಬಿದ್ದಿತ್ತು. ಆ ಬಿಸಿಲಲ್ಲಿ ಯಾವ ಬೆಕ್ಕೂ ಯಾರ ಎದೆ ಮೇಲೂ ಕೂರಲ್ಲ. ಅಪ್ಪ ಒಳಗೆ ಮಂಚದ ಮೇಲೆ ಮಲಗಿದ್ದ. ಗುರ್... ಗುರ್... ಸದ್ದು ಅಲ್ಲಿಂದಲೇ ಬರ್ತಿತ್ತು.

ನಾನು ಬಾಗಿಲಲ್ಲೇ ನಿಂತೆ. ಅಪ್ಪ ಕಣ್ಣು ತೆರೆದು ನನ್ನನ್ನ ನೋಡಿದ, ಆಮೇಲೆ ಬೆಕ್ಕನ್ನ ನೋಡಿದ. ಏನೂ ಹೇಳಲಿಲ್ಲ.

ನಮ್ಮ ಕಡೆ ಭೂಮಿ ಅಗೆದರೆ ಸುಣ್ಣದ ಕಲ್ಲು. ಪದರ ಪದರವಾಗಿ ಎದ್ದು ಬರುವ ಆ ಫರ್ಸಿಯನ್ನೇ ಹೊರಗಿನವರು ಶಹಾಬಾದ್ ಕಲ್ಲು ಅಂತಾರೆ. ಅಪ್ಪ ಮೂವತ್ತು ವರ್ಷ ಅದನ್ನು ಕೊಯ್ದ, ಪಾಲಿಶ್ ಮಾಡಿದ. ಧೂಳಿನ ಜೊತೆ ಬೀಡಿ. ಮರುದಿನ ಕಲಬುರಗಿಯಲ್ಲಿ ಡಾಕ್ಟರ್ ಮಷಿನ್‌ಗೆ ಊದಿಸಿ ನೋಡಿದರು. ಶ್ವಾಸನಾಳ ಕಿರಿದಾಗಿದೆ, ಇದು ಒಂದು ದಿನದ ಕಾಯಿಲೆಯಲ್ಲ ಅಂದರು. ಇನ್ಹೇಲರ್ ಬರೆದರು.

ವಾಪಸ್ ಬಂದ ಮೇಲೆ ನನಗೆ ನಿದ್ದೆ ಬರಲಿಲ್ಲ. ಬೆಕ್ಕು ಯಾಕೆ ಗುರುಗುಟ್ಟುತ್ತೆ ಅಂತ ಓದ್ತಾ ಕೂತೆ.

ಸುಖಕ್ಕೆ ಅಂದುಕೊಂಡಿದ್ದೆ. ಅದು ಅರ್ಧ ಸತ್ಯ. ಕಣ್ಣು ಬಿಡದ ಮರಿ ಹಾಲು ಕುಡಿಯುವಾಗ ಗುರುಗುಟ್ಟುತ್ತೆ. ಇಲ್ಲೇ ಇದ್ದೀನಿ, ಎಲ್ಲ ಸರಿ ಇದೆ ಅಂತ ತಾಯಿಗೆ ಹೇಳುವ ರೀತಿ ಅದು. ಆದರೆ ಈಯುವಾಗಿನ ನೋವಲ್ಲಿ, ಗಾಯವಾದಾಗ, ಕೊನೆಗೆ ಸಾಯುವಾಗಲೂ ಬೆಕ್ಕು ಗುರುಗುಟ್ಟುವುದುಂಟು. ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುತ್ತೆ ಅಂತಾರೆ. ಆ ಕಂಪನದಿಂದ ಮೂಳೆ ಬೇಗ ಕೂಡುತ್ತೆ ಅನ್ನುವ ವಾದವೂ ಇದೆ, ಸಾಬೀತಾಗಿಲ್ಲ. 2023ರಲ್ಲಿ ವಿಯೆನ್ನಾದ ಸಂಶೋಧಕರು ವಾಸಿಯಾಗದ ಕಾಯಿಲೆಯಿಂದಾಗಿ ದಯಾಮರಣ ಕೊಟ್ಟ ಎಂಟು ಬೆಕ್ಕುಗಳ ಧ್ವನಿಪೆಟ್ಟಿಗೆ ತೆಗೆದು ಬೆಚ್ಚಗಿನ ಗಾಳಿ ಹಾಯಿಸಿದರು. ಮಿದುಳಿನ ಆಜ್ಞೆಯೇ ಇಲ್ಲದೆ ಗುರ್ ಸದ್ದು ಬಂತು. ಧ್ವನಿತಂತುವಿನೊಳಗಿನ ಮೆತ್ತೆಯಂಥ ಅಂಗಾಂಶದಿಂದ ಇರಬಹುದು ಅಂತ ಅವರ ಅಂದಾಜು.

ಇನ್ನೊಂದು ಅಧ್ಯಯನ ಓದಿ ಮಾತ್ರ ಲ್ಯಾಪ್‌ಟಾಪ್ ಮುಚ್ಚಿಟ್ಟೆ. 2009ರದ್ದು, ಬ್ರಿಟನ್ನಿನ ಸಸೆಕ್ಸ್ ವಿಶ್ವವಿದ್ಯಾಲಯದ ಕರೆನ್ ಮೆಕಾಂಬ್ ಮತ್ತು ಸಂಗಡಿಗರದ್ದು. ಹಸಿದ ಬೆಕ್ಕು ಗುರುಗುಟ್ಟುವಾಗ ಅದರೊಳಗೆ ಅಳುವಿನಂಥ ಸಣ್ಣ ಎಳೆಯೊಂದನ್ನು ಸೇರಿಸುತ್ತಂತೆ. ಬೆಕ್ಕು ಸಾಕದವರಿಗೂ ಆ ಸದ್ದು ಕೇಳಿಸಿದರೆ ಏನೋ ಅವಸರವಿದೆ ಅನ್ನಿಸುತ್ತೆ. ಅಂದರೆ ವ್ಯತ್ಯಾಸ ನಮ್ಮ ಕಿವಿಗೆ ಗೊತ್ತಾಗುತ್ತೆ. ನನ್ನ ಕಿವಿಗೂ ಗೊತ್ತಾಗಬೇಕಿತ್ತು.

ಇನ್ನೊಂದು ಲೆಕ್ಕವೂ ಇತ್ತು. ಬೆಕ್ಕಿನ ಗುರ್ ಕಂಪನ ಸೆಕೆಂಡಿಗೆ ಸುಮಾರು 25ರಿಂದ 30. ಅಪ್ಪನ ಕೀಪ್ಯಾಡ್ ಫೋನಿನಂಥವು ಮಾತಿಗೆ ಬೇಕಾದ ಸುಮಾರು 300ರಿಂದ 3400 ಹರ್ಟ್ಜ್ ಮಾತ್ರ ದಾಟಿಸುತ್ತವೆ. ಬೆಕ್ಕಿನ ಆ ಆಳದ ಕಂಪನ ದಾರಿಯಲ್ಲೇ ಸೋಸಿ ಹೋಗುತ್ತೆ. ದಮ್ಮಿನ ಸಿಳ್ಳೆ ಸಲೀಸಾಗಿ ಬರುತ್ತೆ. ಇಡೀ ಚಳಿಗಾಲ ನನ್ನ ಕಿವಿಗೆ ಬಿದ್ದದ್ದು ಅಪ್ಪನ ಎದೆ.

ಈಗ ಓಣಿಯವರು ಅಪ್ಪನಿಗೆ ಬೆಕ್ಕು ಬಿಟ್ಟು ಬಾ ಅಂತಿದಾರೆ. ಅದರ ಗುರ್ ಗುರ್ ಮನುಷ್ಯರಿಗೆ ಅಂಟಿ ದಮ್ಮು ಬಂತು ಅಂತ ಅವರ ನಂಬಿಕೆ. ಸದ್ದು ಅಂಟಲ್ಲ, ಆದರೆ ಬೆಕ್ಕಿನ ಮೈಯ ಹೊಟ್ಟು ಕೆಲವರಿಗೆ ಆಗಿಬರಲ್ಲ, ಹಾಸಿಗೆ ಮೇಲೆ ಬಿಡಬೇಡಿ ಅಂತ ಡಾಕ್ಟರ್ ಅಂದರು. ಅಪ್ಪ ನಕ್ಕ.

“ಮೂವತ್ತ ವರ್ಷ ಫರ್ಸಿ ಧೂಳ ಕುಡದೀನಿ, ಯಾರೂ ಏನೂ ಅನ್ಲಿಲ್ಲ. ಈಗ ಬೆಕ್ಕಿಗಿ ಅಂತಾರ.”

ಫೋನಿನಲ್ಲಿ ಯಾಕೆ ಸುಳ್ಳು ಹೇಳಿದಿ ಅಂತ ಒಮ್ಮೆ ಕೇಳಿದೆ. “ಅಷ್ಟ ದೂರ ಇದ್ದಿ. ಹೇಳಿದ್ರ ನಿದ್ದಿ ಮಾಡ್ತಿದ್ದೇನು?” ಅಂದ.

ಆ ಬೆಕ್ಕು ಮಾಡುವುದೂ ಇದನ್ನೇ ಇರಬೇಕು. ಆದರೆ ನಾನೂ ಸುಮ್ಮನೆ ನಂಬಲಿಲ್ಲ, ನಂಬಬೇಕು ಅಂತಲೇ ನಂಬಿದೆ. ರಜೆ ಹಾಕಬೇಕಿರಲಿಲ್ಲ, ರೈಲು ಹತ್ತಬೇಕಿರಲಿಲ್ಲ.

ಈಗಲೂ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡ್ತೀನಿ. ಮೊದಲು ಇನ್ಹೇಲರ್ ತಗೊಂಡ್ಯಾ ಅಂತೀನಿ, ಆಮೇಲೆ ಬೆಕ್ಕು ಎಲ್ಲದ ಅಂತೀನಿ. “ಹೊರಗ ಕಟ್ಟಿ ಮ್ಯಾಲ” ಅಂತಾನೆ ಅಪ್ಪ. ಆಮೇಲೆ ಇಬ್ಬರೂ ಒಂದಿಷ್ಟು ಹೊತ್ತು ಮಾತಾಡಲ್ಲ. ನಾನು ಕೇಳಿಸಿಕೊಳ್ತಾ ಇರ್ತೀನಿ.